ಒರೆಸುವುದನ್ನು ಮರೆತ ಹಲಗೆ

ಕಂಪ್ಯೂಟರಿನ ಫೈಲಿಗೆ ನಾವು ಕನ್ನಡದಲ್ಲಿ ಕಡತ ಎನ್ನುತ್ತೇವೆ. ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ದೂಳು ತಿನ್ನುತ್ತಾ ಕೂತಿರುವುದೂ ಕಡತವೇ. ಆದರೆ ಹಳಬರ ಕಡತ ಬಟ್ಟೆಯದು. ಹುಣಸೆಬೀಜದ ಸರಿಗೆ ಇದ್ದಿಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿಯ ಪುಸ್ತಕ ಅದು. ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಯ ಲೇವಾದೇವಿ, ದೇವಸ್ಥಾನದ ಜಮಾಖರ್ಚು ಎಲ್ಲ ಅದರಲ್ಲಿ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಈಗಲೂ ಆಕರವಾಗಿ ಓದುತ್ತಾರೆ. ಲೆಕ್ಕ ಚುಕ್ತಾ ಆದಮೇಲೆ ಬರೆದದ್ದನ್ನು ಒರೆಸಿ, ಇನ್ನೊಂದು ಕೈ ಮಸಿ ಬಳಿದರೆ ಅದೇ ಬಟ್ಟೆ ಹೊಸ ಲೆಕ್ಕಕ್ಕೆ ಸಿದ್ಧ. ಒರೆಸುವುದು, ಬಳಿಯುವುದು ಬರೆಯುವಷ್ಟೇ ಮುಖ್ಯವಾದ ಕೆಲಸವಾಗಿತ್ತು. ಅದನ್ನು ಮಾಡದೆ ಬಿಟ್ಟರೆ, ಬರೆಯಲು ಜಾಗ ಹುಡುಕುತ್ತಾ ಕೂರುವುದೇ ಲೆಕ್ಕಿಗನ ಪಾಡು.

ಕಳೆದ ಮಳೆಗಾಲದಲ್ಲಿ ಸಾಗರದ ಹತ್ತಿರ ಅಕ್ಕನ ಮನೆಗೆ ಹೋದಾಗ, ಅವಳ ಟ್ಯಾಬ್ಲೆಟ್ ಕೈಗೆತ್ತಿಕೊಂಡ ಮೇಲೆ ಈ ಕಡತ ನೆನಪಾಯಿತು. ಲಾಕ್‌ಡೌನಿನಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆಂದು ಕೊಂಡಿದ್ದು. ಮಗಳು ಕಾಲೇಜಿಗೆಂದು ಊರು ಬಿಟ್ಟಮೇಲೆ ಅದು ಅಕ್ಕನ ಪಾಲಿಗೆ ಬಂದಿತ್ತು. ಯಕ್ಷಗಾನದ ವಿಡಿಯೊ ನೋಡುವುದು, ಅಡಿಕೆ ಧಾರಣೆ ನೋಡುವುದು, ಮಗಳ ಮುಖ ನೋಡುವುದು ಎಲ್ಲಕ್ಕೂ ಅದೇ. ಅಕ್ಷರ ಒತ್ತಿದರೆ ಅದು ತೆರೆಯ ಮೇಲೆ ಮೂಡುವಷ್ಟರಲ್ಲಿ ಅವಳು ಇನ್ನೆರಡು ಒತ್ತಿ ಮುಗಿಸಿರುತ್ತಿದ್ದಳು.

"ಪೇಟೆ ಅಂಗಡಿಯವ್ರು ಇದಕ್ಕೆ ವಯಸ್ಸಾಯ್ತು, ಹೊಸದು ತಗೊಳ್ಳಿ ಅಂದ್ರು. ನಾಲ್ಕು ವರ್ಷಕ್ಕೆಲ್ಲ ವಯಸ್ಸಾಗ್ತದೇನೋ ತಮ್ಮ?"

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಟ್ಯಾಬ್ಲೆಟ್ಟಿನ ಬ್ಯಾಟರಿ ಸವೆಯುತ್ತದೆ, ನಿಜ. ಆದರೆ ಒಳಗಿನ ಪ್ರೊಸೆಸರ್ ಮೊದಲ ದಿನ ಸೆಕೆಂಡಿಗೆ ಎಷ್ಟು ಸಲ ಮಿಡಿಯಬಲ್ಲದೋ ನಾಲ್ಕನೇ ವರ್ಷವೂ ಅಷ್ಟೇ ಸಲ ಮಿಡಿಯಬಲ್ಲದು. ಎತ್ತಿಗೆ ವಯಸ್ಸಾದಂತೆ ಸಿಲಿಕಾನಿಗೆ ಆಗುವುದಿಲ್ಲ. ಆ್ಯಪುಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹೇಳಲು ನೆಕ್ಸಸ್ 7ರ ಕಥೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

2012ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ತನ್ನ ವಾರ್ಷಿಕ ಸಮಾವೇಶದಲ್ಲಿ ಗೂಗಲ್ ಈ ಟ್ಯಾಬ್ಲೆಟ್ಟನ್ನು ಪ್ರಕಟಿಸಿತು. ತಯಾರಿಸಿದ್ದು ತೈವಾನಿನ ಏಸೂಸ್. ಏಳು ಇಂಚಿನ ತೆರೆ, ನಾಲ್ಕು ಕೋರಿನ ಟೆಗ್ರಾ 3 ಚಿಪ್, 1 ಜಿಬಿ ರ‍್ಯಾಮ್. 8 ಜಿಬಿ ಸಂಗ್ರಹದ್ದಕ್ಕೆ 199 ಡಾಲರ್. ಮರುವರ್ಷ ನಮ್ಮಲ್ಲಿ 16 ಜಿಬಿಯದ್ದಕ್ಕೆ 15,999 ರೂಪಾಯಿ. ಅಷ್ಟು ಕಡಿಮೆ ಬೆಲೆಗೆ ಅಷ್ಟು ಚುರುಕಾದ ಟ್ಯಾಬ್ಲೆಟ್ ಅದುವರೆಗೆ ಇರಲಿಲ್ಲ. ಅದರೊಡನೆ ಬಂದ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ತೆರೆಯ ಚಲನೆಯನ್ನು ಸೆಕೆಂಡಿಗೆ 60 ಚೌಕಟ್ಟುಗಳಿಗೆ ಏರಿಸಲು ಪಟ್ಟು ಹಿಡಿದು ಕೆಲಸ ಮಾಡಿದ್ದರು. ಬೆರಳು ತಾಗಿದ ಕೂಡಲೇ ಪ್ರೊಸೆಸರ್ ಎಚ್ಚೆತ್ತು ವೇಗ ಹೆಚ್ಚಿಸಿಕೊಳ್ಳುವಂತೆ ಮಾಡಿದ್ದರು. ಆ ಯೋಜನೆಗೆ ಅವರಿಟ್ಟ ಹೆಸರು 'ಪ್ರಾಜೆಕ್ಟ್ ಬಟರ್'. ತೆರೆ ಬೆಣ್ಣೆಯ ಮೇಲೆ ಜಾರಿದಂತೆ ಜಾರಬೇಕೆಂಬ ಆಸೆ.

ಆಸೆ ಕೈಗೂಡಿತ್ತು. ಆದರೆ ಕೆಲವು ತಿಂಗಳು ಕಳೆಯುತ್ತಿದ್ದಂತೆ ಬೆಣ್ಣೆ ಗಟ್ಟಿಯಾಗತೊಡಗಿತು. ಅಮೆರಿಕದಲ್ಲಿ, ಯೂರೋಪಿನಲ್ಲಿ, ಇಲ್ಲಿಯೂ ಕೊಂಡವರ ದೂರು ಒಂದೇ: ಆ್ಯಪು ತೆರೆಯುವಾಗ ಒದ್ದಾಡುತ್ತದೆ, ಹಿಂದೆ ಏನಾದರೂ ಡೌನ್‌ಲೋಡ್ ಆಗುತ್ತಿದ್ದರಂತೂ ಮುಟ್ಟಿದ್ದಕ್ಕೆ ಓಗೊಡುವುದೇ ಇಲ್ಲ. ಸಂಗ್ರಹ ತುಂಬುತ್ತಾ ಬಂದವರಲ್ಲಿ ಹೆಚ್ಚು. ಪ್ರೊಸೆಸರ್ ಪರೀಕ್ಷಿಸಿದರೆ ಸರಿಯಾಗಿತ್ತು, ರ‍್ಯಾಮ್ ಸರಿಯಾಗಿತ್ತು. ಏಟು ಬಿದ್ದಿದ್ದು ಸಂಗ್ರಹಕ್ಕಿದ್ದ ಫ್ಲ್ಯಾಶ್ ಮೆಮೊರಿಗೆ.

ಫ್ಲ್ಯಾಶ್ ಮೆಮೊರಿ ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಾಸುಒಕಾ ಅವರ ಕೂಸು. 1984ರಲ್ಲಿ ಅವರು ಅದನ್ನು ಲೋಕಕ್ಕೆ ತೋರಿಸಿದರು. ಅದರ ದೊಡ್ಡದೊಂದು ಭಾಗವನ್ನು ಒಂದೇ ಸಲಕ್ಕೆ ಅಳಿಸಬಹುದು. ಅದನ್ನು ನೋಡಿದ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಗಿ ಈ ಹೆಸರು ಬಂತು. ಹೆಸರಿನಲ್ಲೇ ಅದರ ಗುಣವೂ ಇದೆ, ಕೊರತೆಯೂ ಇದೆ. ಫ್ಲ್ಯಾಶಿನಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಒಂದು ಪುಟವೆಂದರೆ ಕೆಲವು ಕಿಲೋಬೈಟ್. ಅಳಿಸುವುದು ಬ್ಲಾಕಿನ ಲೆಕ್ಕದಲ್ಲಿ, ಒಂದು ಬ್ಲಾಕಿನಲ್ಲಿ ನೂರಾರು ಪುಟ. ಒಮ್ಮೆ ಬರೆದ ಪುಟದ ಮೇಲೆ ಮತ್ತೆ ಬರೆಯಲಾಗದು; ಮೊದಲು ಅಳಿಸಬೇಕು; ಅಳಿಸಬೇಕೆಂದರೆ ಇಡೀ ಬ್ಲಾಕನ್ನೇ ಅಳಿಸಬೇಕು. ಕಡತದ ಒಂದು ಸಾಲು ತಿದ್ದಲು ಇಡೀ ಮಡಿಕೆಗೆ ಮಸಿ ಬಳಿದಂತೆ. ಅದೂ ಅಲ್ಲದೆ, ಪ್ರತಿ ಸಲ ಅಳಿಸಿದಾಗ ಕೋಶ ಕೊಂಚ ಸವೆಯುತ್ತದೆ. ಆ ಕಾಲದ ಟ್ಯಾಬ್ಲೆಟ್ಟುಗಳ ಫ್ಲ್ಯಾಶ್ ತಾಳುತ್ತಿದ್ದದ್ದು ಕೆಲವು ಸಾವಿರ ಸಲದ ಅಳಿಸುವಿಕೆಯನ್ನು.

ಹಾಗಾಗಿ ಫ್ಲ್ಯಾಶ್ ಚಿಪ್ಪಿನೊಳಗೇ ಒಬ್ಬ ಪುಟ್ಟ ಶಾನುಭೋಗ ಕೂತಿರುತ್ತಾನೆ. ಕಂಟ್ರೋಲರ್ ಎನ್ನುತ್ತಾರೆ. ಹೊಸದಾಗಿ ಏನಾದರೂ ಬಂದರೆ ಖಾಲಿ ಪುಟ ಹುಡುಕಿ ಅಲ್ಲಿ ಬರೆಯುತ್ತಾನೆ, ಯಾವುದು ಎಲ್ಲಿದೆ ಎಂಬ ಪಟ್ಟಿ ಇಟ್ಟುಕೊಳ್ಳುತ್ತಾನೆ, ಒಂದೇ ಬ್ಲಾಕು ಸವೆಯದಂತೆ ಸರದಿ ಹಾಕುತ್ತಾನೆ. ಖಾಲಿ ಬ್ಲಾಕುಗಳು ಬೇಕಾದಷ್ಟು ಇರುವವರೆಗೆ ಅವನ ಕೆಲಸ ಸಲೀಸು. ಖಾಲಿ ಬ್ಲಾಕು ಮುಗಿದರೆ ಕಷ್ಟ ಶುರು. ಯಾವುದೋ ಬ್ಲಾಕಿನಲ್ಲಿ ಉಳಿದಿರುವ ಬೇಕಾದ ಪುಟಗಳನ್ನು ಬೇರೆಡೆ ನಕಲು ಮಾಡಬೇಕು, ಬ್ಲಾಕು ಅಳಿಸಬೇಕು, ಆಮೇಲೆ ಹೊಸದನ್ನು ಬರೆಯಬೇಕು. ನೀವು ಒಂದು ಪುಟ ಬರೆಯಲು ಹೇಳಿದ್ದಕ್ಕೆ ಅವನು ನೂರು ಪುಟ ಎತ್ತಿ ಇಡುತ್ತಾನೆ. ಅಷ್ಟು ಹೊತ್ತು ತೆರೆ ಮರಗಟ್ಟಿರುತ್ತದೆ.

ಇಲ್ಲಿಯವರೆಗೆ ಎಲ್ಲ ಫ್ಲ್ಯಾಶಿಗೂ ಇರುವ ಕಷ್ಟ. ನೆಕ್ಸಸ್ 7ರಲ್ಲಿ ಇನ್ನೊಂದು ಸೇರಿತ್ತು. ನಾವು ಒಂದು ವಿಡಿಯೊ ಅಳಿಸಿದರೆ ಆಂಡ್ರಾಯ್ಡ್ ತನ್ನ ಖಾತೆಯಲ್ಲಿ ಮಾತ್ರ ಅದರ ಹೆಸರು ಹೊಡೆದುಹಾಕುತ್ತದೆ. ಚಿಪ್ಪಿನೊಳಗಿನ ಶಾನುಭೋಗನಿಗೆ ಸುದ್ದಿ ಮುಟ್ಟುವುದಿಲ್ಲ. ಅವನ ಪಟ್ಟಿಯಲ್ಲಿ ಆ ವಿಡಿಯೊ ಇನ್ನೂ ಜೀವಂತ. ಯಾರಿಗೂ ಬೇಡವಾದ ಆ ಪುಟಗಳನ್ನು ಅವನು ಜೋಪಾನವಾಗಿ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುತ್ತಲೇ ಇರುತ್ತಾನೆ. "ಈ ಪುಟ ಇನ್ನು ಬೇಡ, ಒರೆಸಬಹುದು" ಎಂದು ಅವನಿಗೆ ತಿಳಿಸಲು ಒಂದು ಆಜ್ಞೆಯೇ ಇದೆ. ಟ್ರಿಮ್ ಅಂತ ಅದರ ಹೆಸರು. ಕಂಪ್ಯೂಟರುಗಳಲ್ಲಿ ವಿಂಡೋಸ್ 7ರ ಕಾಲಕ್ಕೆ, 2009ರಲ್ಲೇ, ಅದು ಬಳಕೆಗೆ ಬಂದಿತ್ತು. ಈ ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಆ ಮಾತನ್ನು ಶಾನುಭೋಗನಿಗೆ ಮುಟ್ಟಿಸುವವರು ಇರಲಿಲ್ಲ.

2013ರ ಜುಲೈ 24ರಂದು ಆಂಡ್ರಾಯ್ಡ್ 4.3 ಬಂತು. ಮೇಲ್ನೋಟಕ್ಕೆ ಅಂಥ ಬದಲಾವಣೆ ಏನೂ ಇರದ ಅಪ್‌ಡೇಟು. ಅದನ್ನು ಹಾಕಿಕೊಂಡ ಹಳೆಯ ನೆಕ್ಸಸ್ 7ರ ಒಡೆಯರು ಒಂದೆರಡು ದಿನಗಳಲ್ಲಿ ತಮ್ಮ ಟ್ಯಾಬ್ಲೆಟ್ ಮತ್ತೆ ಚುರುಕಾದದ್ದನ್ನು ಗಮನಿಸಿದರು. ಅದರೊಳಗೆ ಟ್ರಿಮ್ ಮಾಡಿಸುವ ಪುಟ್ಟ ಸೇವೆಯೊಂದು ಸೇರಿತ್ತು. ಅದರ ಆಗಿನ ನಿಯಮಗಳನ್ನು ಆಂಡ್ರಾಯ್ಡಿನ ಮುಕ್ತ ಆಕರದಲ್ಲಿ ಯಾರು ಬೇಕಾದರೂ ಓದಬಹುದು: ತೆರೆ ಆರಿರಬೇಕು, 71 ನಿಮಿಷ ಯಾರೂ ಮುಟ್ಟಿರಬಾರದು, ಚಾರ್ಜಿಗೆ ಹಾಕಿದ್ದರೆ ಬ್ಯಾಟರಿ ಕನಿಷ್ಠ ಶೇಕಡಾ 30, ಹಾಕಿಲ್ಲದಿದ್ದರೆ ಶೇಕಡಾ 80 ಇರಬೇಕು, ಹಿಂದಿನ ಸಲ ಮಾಡಿ ಒಂದು ದಿನ ಕಳೆದಿರಬೇಕು. ಇಷ್ಟು ಕೂಡಿಬಂದರೆ ಆಂಡ್ರಾಯ್ಡ್ ಸದ್ದಿಲ್ಲದೆ ಎದ್ದು, ಬೇಡದ ಪುಟಗಳ ಪಟ್ಟಿಯನ್ನು ಒಟ್ಟಿಗೆ ಚಿಪ್ಪಿಗೆ ಒಪ್ಪಿಸುತ್ತಿತ್ತು. ಪ್ರತಿ ಸಲ ಅಳಿಸಿದಾಗಲೇ ತಿಳಿಸಿದರೆ ಆ ಗಳಿಗೆಯ ಕೆಲಸಕ್ಕೆ ಅಡ್ಡಿ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆ ತೊಳೆದಿಡುವ ರೀತಿಯಲ್ಲಿ ರಾತ್ರಿ ಒಂದೇ ಸಲ ಮುಗಿಸುವ ಜಾಣ್ಮೆ ಅದು.

71 ನಿಮಿಷ ಎಂಬ ಆ ಅಂಕಿ ನನಗೆ ಬಹಳ ಇಷ್ಟ. 60 ಅಲ್ಲ, 70 ಅಲ್ಲ. ಯಾರೋ ಕೂತು, ಜನ ಟ್ಯಾಬ್ಲೆಟ್ಟನ್ನು ಎಷ್ಟು ಹೊತ್ತಿಗೊಮ್ಮೆ ಎತ್ತಿಕೊಳ್ಳುತ್ತಾರೆ ಎಂದು ಯೋಚಿಸಿ ಇಟ್ಟಂತಿದೆ. ಹಳೆಯ ನೆಕ್ಸಸ್ 7 ಅಷ್ಟರಲ್ಲಿ ಮಾರಾಟವಾಗಿ ಹೋಗಿತ್ತು, 4.3 ಬಂದ ದಿನವೇ ಅದರ ಹೊಸ ಆವೃತ್ತಿಯೂ ಪ್ರಕಟವಾಗಿತ್ತು. ಹಳೆಯದನ್ನು ಕೊಂಡವರಿಂದ ಇನ್ನು ಕಾಸು ಬರುವಂತಿರಲಿಲ್ಲ. ಆದರೂ ಅವರ ಕೈಯಲ್ಲಿದ್ದ ಯಂತ್ರ ಸರಿಹೋಯಿತು. ಒಂದು ತಿರುಪೂ ಬಿಚ್ಚದೆ, ಒಂದು ಬಿಡಿಭಾಗವೂ ಬದಲಾಗದೆ.

ಹೀಗೆ ಯಂತ್ರದ ಒಡಲಲ್ಲೇ ಕೂತು ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂಬ ಹೆಸರಿಟ್ಟವರು ಆಶರ್ ಓಪ್ಲರ್, 1967ರಲ್ಲಿ. ಹಾರ್ಡ್‌ವೇರಿನಷ್ಟು ಗಟ್ಟಿಯೂ ಅಲ್ಲ, ಸಾಫ್ಟ್‌ವೇರಿನಷ್ಟು ಮೆದುವೂ ಅಲ್ಲ ಎಂದು ನಡುವಿನ ಹೆಸರು. ಟ್ಯಾಬ್ಲೆಟ್ಟಿನ ವಿಷಯಕ್ಕೆ ಬಂದರೆ, ಯಂತ್ರವನ್ನು ಮೊದಲು ಎಬ್ಬಿಸುವ ಬೂಟ್‌ಲೋಡರಿನಿಂದ ಆಂಡ್ರಾಯ್ಡಿನವರೆಗೆ ಕಂಪನಿ ಕಟ್ಟಿ ಕಳಿಸುವ ಇಡೀ ಗಂಟಿಗೆ ಇಂದು ಈ ಮಾತು ಬಳಕೆಯಲ್ಲಿದೆ. ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಅಂಗಡಿಗಳಲ್ಲಿ 'ಸಾಫ್ಟ್‌ವೇರ್ ಹಾಕ್ಬೇಕು', 'ಫ್ಲ್ಯಾಶ್ ಮಾಡ್ಬೇಕು' ಎನ್ನುವುದು ಇದನ್ನೇ.

ನೆಕ್ಸಸ್ 7ರ ಕಥೆ ಇಲ್ಲಿಗೇ ನಿಂತಿದ್ದರೆ ಅಪ್‌ಡೇಟ್ ಎಂದರೆ ಅಮೃತ ಎಂದು ಬರೆದು ಮುಗಿಸಬಹುದಿತ್ತು. 2013ರ ಕೊನೆಗೆ ಬಂದ ಆಂಡ್ರಾಯ್ಡ್ 4.4 ಕೂಡ ಒಳ್ಳೆಯದೇ ಮಾಡಿತು. ಅದನ್ನು 512 ಎಂಬಿ ರ‍್ಯಾಮಿನ ಯಂತ್ರದಲ್ಲೂ ಓಡುವಂತೆ ಕಟ್ಟಿದ್ದರು. ಆದರೆ 2014ರ ನವೆಂಬರಿನಲ್ಲಿ ಆಂಡ್ರಾಯ್ಡ್ 5.0, ಲಾಲಿಪಾಪ್, ಬಂತು. ಚೆಂದದ ಹೊಸ ರೂಪ. ಜತೆಗೆ ಒಳಗೊಂದು ದೊಡ್ಡ ಬದಲಾವಣೆ: ಆ್ಯಪಿನ ಸಂಕೇತಗಳನ್ನು ಓಡಿಸುವಾಗ ತುಸು ತುಸುವೇ ಯಂತ್ರಭಾಷೆಗೆ ಇಳಿಸುತ್ತಿದ್ದ ಹಳೆಯ ಪದ್ಧತಿ ಹೋಗಿ, ಆ್ಯಪ್ ಹಾಕಿಕೊಳ್ಳುವಾಗಲೇ ಇಡಿಯಾಗಿ ಇಳಿಸಿಡುವ ಪದ್ಧತಿ ಬಂತು. ಹೊಸ ಯಂತ್ರಗಳಿಗೆ ಅದು ವರ. ಆದರೆ ಇಳಿಸಿಟ್ಟ ಸಂಕೇತಕ್ಕೆ ಹೆಚ್ಚು ಜಾಗ ಬೇಕು. 8 ಜಿಬಿಯ ಟ್ಯಾಬ್ಲೆಟ್ಟಿನಲ್ಲಿ ಬಳಕೆದಾರರಿಗೆ ಸಿಗುತ್ತಿದ್ದದ್ದೇ 6 ಜಿಬಿಯ ಆಸುಪಾಸು. ಮೊದಲೇ ಏದುಸಿರು ಬಿಡುತ್ತಿದ್ದ ಫ್ಲ್ಯಾಶ್, 1 ಜಿಬಿ ರ‍್ಯಾಮ್, ಅದರ ಜತೆ ಆರಂಭದ ಆವೃತ್ತಿಗಳಲ್ಲಿದ್ದ ಮೆಮೊರಿ ಸೋರಿಕೆಯ ದೋಷ. ನಿನ್ನೆ ಚೆನ್ನಾಗಿದ್ದ ಟ್ಯಾಬ್ಲೆಟ್ಟುಗಳು ಇವತ್ತು ಎದ್ದೇಳಲಾರದೆ ಮಲಗಿದವು. 5.1ರ ಸರಣಿಯ ತಿದ್ದುಪಡಿಗಳು ಒಂದಿಷ್ಟು ಸಮಾಧಾನ ತಂದವು, ಆದರೆ 4.4ರ ಕಾಲದ ಓಟ ಮತ್ತೆ ಬರಲಿಲ್ಲ.

ಬಲ್ಲವರು ಗೂಗಲ್ ತಾನೇ ಇಟ್ಟಿದ್ದ ಹಳೆಯ ಫರ್ಮ್‌ವೇರನ್ನು ಇಳಿಸಿಕೊಂಡು 4.4.4ಕ್ಕೆ ಮರಳಿದರು. ಅದಕ್ಕೆ ಬೂಟ್‌ಲೋಡರಿನ ಬೀಗ ತೆಗೆಯಬೇಕು, ತೆಗೆದರೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆಯಲು ಗೊತ್ತಿರದ ಬಹುಪಾಲು ಜನರಿಗೆ ಆ ದಾರಿಯೇ ಇರಲಿಲ್ಲ. ಅವರ ಪಾಲಿಗೆ ಟ್ಯಾಬ್ಲೆಟ್ಟಿಗೆ 'ವಯಸ್ಸಾಯಿತು'. ಒಂದೇ ಯಂತ್ರ, ಒಂದೇ ಕಂಪನಿ. ಒಂದು ಅಪ್‌ಡೇಟು ಎಬ್ಬಿಸಿ ಕೂರಿಸಿತು, ಇನ್ನೊಂದು ಮಲಗಿಸಿತು. ಅಪ್‌ಡೇಟ್ ಹಾಕಿದರೆ ವೇಗ ಹೆಚ್ಚುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಯಾವ ಅಪ್‌ಡೇಟು ಎಂದು. ಅದೇ ಆವೃತ್ತಿಯೊಳಗಿನ ತಿದ್ದುಪಡಿ, ಭದ್ರತೆಯ ತೇಪೆ ಆಗಿದ್ದರೆ ಕಣ್ಣು ಮುಚ್ಚಿ ಹಾಕಿಕೊಳ್ಳಿ. ಇಡೀ ಆವೃತ್ತಿಯೇ ಬದಲಾಗುವಂತಿದ್ದರೆ, ಅದರಲ್ಲೂ ಯಂತ್ರಕ್ಕೆ ಮೂರು ವರ್ಷ ದಾಟಿದ್ದರೆ, ಅದೇ ಮಾಡೆಲ್ ಇರುವ ಇನ್ನೊಬ್ಬರನ್ನು ವಿಚಾರಿಸಿ, ಎರಡು ವಾರ ಕಾಯಿರಿ.

ಆ್ಯಪಲ್ ಕೂಡ ಎರಡೂ ದಾರಿ ತುಳಿದಿದೆ. ಹಳೆಯ ಬ್ಯಾಟರಿಯ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ತಗ್ಗಿಸಿದ್ದನ್ನು ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಮರುವರ್ಷ ಬಂದ ಐಒಎಸ್ 12 ಅದಕ್ಕೆ ತದ್ವಿರುದ್ಧ. ಹೊಸ ಸೌಕರ್ಯಗಳಿಗಿಂತ ಹಳೆಯ ಯಂತ್ರಗಳ ಓಟವೇ ಅದರ ಮುಖ್ಯ ಗುರಿ. ಹಿಂದಿನ ಆವೃತ್ತಿ ಓಡುತ್ತಿದ್ದ ಯಾವ ಯಂತ್ರವನ್ನೂ ಕೈಬಿಡದೆ, 2013ರ ಐಪ್ಯಾಡ್ ಏರ್‌ವರೆಗೆ ಎಲ್ಲಕ್ಕೂ ಕೊಟ್ಟರು. ಬೆರಳು ತಾಗಿದೊಡನೆ ಪ್ರೊಸೆಸರ್ ಥಟ್ಟನೆ ಪೂರ್ಣ ವೇಗಕ್ಕೆ ಏರಿ, ಕೆಲಸ ಮುಗಿದೊಡನೆ ಇಳಿಯುವಂತೆ ತಿದ್ದಿದ್ದರು. ಬೇಕೆಂದು ಮನಸ್ಸು ಮಾಡಿದರೆ ಹಳೆಯದನ್ನು ಚುರುಕು ಮಾಡುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಫೋನುಗಳನ್ನು ನಿಧಾನ ಮಾಡುವ ಅಪ್‌ಡೇಟುಗಳನ್ನು ಸರಿಯಾಗಿ ತಿಳಿಸದೆ ಜನರ ಮೇಲೆ ಹೇರಿದ್ದಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಅಂಥ ಕಂಪನಿಗಳಿಗೆ ಅದು ಚಿಲ್ಲರೆ ಕಾಸು. ಆದರೂ ಅಪ್‌ಡೇಟು ಹಾನಿ ಮಾಡಬಲ್ಲದು, ಅದಕ್ಕೆ ಹೊಣೆಗಾರರು ಇರುತ್ತಾರೆ ಎಂಬ ಮಾತು ಕಾಗದದ ಮೇಲೆ ಬಂತು.

ಅಪ್‌ಡೇಟು ಹಾಕಲು ಹೆದರುವವರು ನಮ್ಮಲ್ಲಿ ಬಹಳ. ಅರ್ಧದಲ್ಲಿ ನಿಂತು 'ಡೆಡ್' ಆದರೆ? ಹಿಂದೆ ಆ ಹೆದರಿಕೆಗೆ ಕಾರಣವಿತ್ತು. ಇದ್ದ ಒಂದೇ ವ್ಯವಸ್ಥೆಯ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು. ನಡುವೆ ಬ್ಯಾಟರಿ ಕೈಕೊಟ್ಟರೆ ಟ್ಯಾಬ್ಲೆಟ್ ಇಟ್ಟಿಗೆಯಾಗುವ ಅಪಾಯವಿತ್ತು. 2016ರ ಆಂಡ್ರಾಯ್ಡ್ 7ರಿಂದ ಬೇರೆ ಉಪಾಯ ಬಂದಿದೆ. ಅದನ್ನು ಅಳವಡಿಸಿಕೊಂಡ ಯಂತ್ರಗಳಲ್ಲಿ ವ್ಯವಸ್ಥೆಗೆ ಎರಡು ಕೋಣೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಹೊಸದು ಸಿದ್ಧವಾಗುತ್ತದೆ, ರೀಸ್ಟಾರ್ಟ್ ಮಾಡಿದಾಗ ಅಲ್ಲಿಗೆ ದಾಟುತ್ತದೆ, ಅಲ್ಲಿ ಎಡವಿದರೆ ಹಳೆಯ ಕೋಣೆಗೇ ಮರಳುತ್ತದೆ. ಈಗ ನನಗೆ ಹೆಚ್ಚು ಭಯ ಅಂಗಡಿಯಲ್ಲಿ ಬೇರೆ ಮಾಡೆಲಿನ ಫರ್ಮ್‌ವೇರ್ ತುಂಬುವುದರದ್ದು. ಒಂದೇ ಹೆಸರಿನ ಟ್ಯಾಬ್ಲೆಟ್ಟಿನಲ್ಲಿ ಸಿಮ್ ಇರುವುದು, ವೈಫೈ ಮಾತ್ರ ಇರುವುದು ಎಂದು ಬೇರೆ ಬೇರೆ ನಮೂನೆ ಇರುತ್ತವೆ, ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅಂಗಡಿಗೆ ಕೊಡಲೇಬೇಕಾದರೆ ಸೆಟ್ಟಿಂಗ್ಸಿನಲ್ಲಿರುವ ಪೂರ್ತಿ ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ.

ಅಕ್ಕನ ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ 32 ಜಿಬಿಯಲ್ಲಿ ಉಳಿದಿದ್ದದ್ದು 400 ಎಂಬಿ. ಮಗಳ ಹಳೆಯ ಪಾಠದ ವಿಡಿಯೊಗಳು, ವಾಟ್ಸ್‌ಆ್ಯಪಿನ ಶುಭೋದಯಗಳು. ಎರಡು ಅಪ್‌ಡೇಟು ಜಾಗ ಸಾಲದೆ ವರ್ಷದಿಂದ ಬಾಗಿಲಲ್ಲಿ ಕಾದಿದ್ದವು. ಎರಡೂ ಸಣ್ಣ ತಿದ್ದುಪಡಿಗಳೇ. ಬೇಕಾದ ಫೋಟೊಗಳನ್ನು ಪೆನ್‌ಡ್ರೈವಿಗೆ ಸಾಗಿಸಿ, ಉಳಿದದ್ದನ್ನು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಕೇಳಿ ಅಳಿಸಿದೆ. ಏಳೆಂಟು ಜಿಬಿ ಖಾಲಿಯಾಯಿತು. ಬ್ಯಾಟರಿ ತುಂಬಿಸಿ, ಭಾವ ಪೇಟೆಯಿಂದ ಬಂದಮೇಲೆ ಅವರ ಫೋನಿನ ಹಾಟ್‌ಸ್ಪಾಟಿನಲ್ಲಿ ಅಪ್‌ಡೇಟು ಇಳಿಸಿದ್ದಾಯಿತು.

ಅವತ್ತು ಸಂಜೆ ಅದು ಮೊದಲಿಗಿಂತ ನಿಧಾನವಾಗಿತ್ತು. ಅಕ್ಕ ನನ್ನ ಮುಖ ನೋಡಿದಳು. ಅಪ್‌ಡೇಟು ಆದ ಮೊದಲ ಒಂದೆರಡು ದಿನ ಹಾಗೆಯೇ: ಆ್ಯಪುಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುವುದು, ಫೋಟೊಗಳ ಪಟ್ಟಿ ಮಾಡುವುದು ಒಳಗೊಳಗೆ ನಡೆದಿರುತ್ತದೆ. ಬಹಳ ಜನ ಈ ಹೊತ್ತಿನಲ್ಲೇ ಬೇಸತ್ತು ಬೈಯುತ್ತಾರೆ. ರಾತ್ರಿ ಚಾರ್ಜಿಗೆ ಹಾಕಿ ಹಾಗೇ ಬಿಡು, ಎರಡು ದಿನ ಕಾಯಿ ಎಂದೆ.

"ರಾತ್ರಿ ನಾನು ಆಫ್ ಮಾಡಿಡ್ತೇನೆ ಮಾರಾಯ. ದಿನವಿಡೀ ದುಡೀತದೆ, ಅದಕ್ಕೂ ವಿಶ್ರಾಂತಿ ಬೇಡ್ವಾ?"

ತನ್ನ ಪಾಲಿಗೆ ಬಂದಾಗಿನಿಂದ ಪ್ರತಿ ರಾತ್ರಿ, ದೇವರ ದೀಪ ಶಾಂತ ಮಾಡುವಷ್ಟೇ ಶ್ರದ್ಧೆಯಿಂದ, ಅವಳು ಅದನ್ನು ಪೂರ್ತಿ ಆಫ್ ಮಾಡಿ ಕಪಾಟಿನಲ್ಲಿಡುತ್ತಿದ್ದಳು. ಬೆಳಿಗ್ಗೆ ಆನ್ ಮಾಡಿ, ನೋಡುತ್ತಲೇ ಚಾರ್ಜ್ ಮಾಡುತ್ತಿದ್ದಳು. ಪೂರ್ತಿ ಆಫ್ ಆದ ಟ್ಯಾಬ್ಲೆಟ್ಟಿನಲ್ಲಿ ಒರೆಸುವವರು ಯಾರೂ ಎಚ್ಚರವಿರುವುದಿಲ್ಲ. ಆನ್ ಇದ್ದು, ಚಾರ್ಜಿನಲ್ಲಿದ್ದು, ಯಾರೂ ಮುಟ್ಟದ ಆ ಒಂದು ಗಂಟೆ ಅದಕ್ಕೆ ಅಪರೂಪಕ್ಕೂ ಸಿಕ್ಕಿರಲಿಲ್ಲ. ಇದನ್ನು ಕೊಳ್ಳುವಾಗ ಯಾರೂ ಅವಳಿಗೆ ಹೇಳಿರಲಿಲ್ಲ. ಡಬ್ಬಿಯೊಳಗಿನ ಪುಟ್ಟ ಹಾಳೆಯಲ್ಲೂ ಇರಲಿಲ್ಲ.

ಅಕ್ಕನಂಥವರು ಒಬ್ಬಿಬ್ಬರಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಅವು ಈಗ ತಮ್ಮಂದಿರ, ತಂಗಿಯರ ಕೈ ಸೇರುವ ವಯಸ್ಸಿನವು. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಜಾರಿಯಲ್ಲಿದೆ: ಫೋನು, ಟ್ಯಾಬ್ಲೆಟ್ ಮಾರುವವರು ಅಪ್‌ಡೇಟು ಕೊಡುವುದಾದರೆ, ಆ ಮಾಡೆಲಿನ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 5 ವರ್ಷ ಬಿಟ್ಟಿಯಾಗಿ ಕೊಡುತ್ತಲೇ ಇರಬೇಕು. ನಮ್ಮಲ್ಲಿ ಸರ್ಕಾರ ಲಕ್ಷಗಟ್ಟಲೆ ಕೊಳ್ಳುವಾಗ ಟೆಂಡರಿನಲ್ಲಿ ತೆರೆಯ ಇಂಚು, ರ‍್ಯಾಮಿನ ಜಿಬಿ ಬರೆಯುವಂತೆಯೇ ಎಷ್ಟು ವರ್ಷ ಅಪ್‌ಡೇಟು ಎಂಬುದನ್ನೂ ಬರೆಯಬೇಕು. ಒಬ್ಬ ಅಕ್ಕ ಅಂಗಡಿಯಲ್ಲಿ ಕೇಳಿದರೆ ಕಂಪನಿಗೆ ಕೇಳಿಸದು. ಲಕ್ಷ ಕೊಳ್ಳುವವರು ಕೇಳಿದರೆ ಕೇಳಲೇಬೇಕಾಗುತ್ತದೆ. ಕೊಳ್ಳುವ ಮೊದಲು ನಾವೂ ಬೆಲೆಯ ಜತೆ ಅದೊಂದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಈಚೆಗೆ ಕೆಲವು ಕಂಪನಿಗಳು ವರ್ಷದ ಲೆಕ್ಕ ಹೇಳಿಯೇ ಮಾರುತ್ತಿವೆ.

ಮೂರನೆಯ ದಿನ ನಾನು ಹೊರಡುವ ಹೊತ್ತಿಗೆ ಅಕ್ಕ ಮಗಳಿಗೆ ಏನೋ ಬರೆಯುತ್ತಿದ್ದಳು. ಹೊಸ ಟ್ಯಾಬ್ಲೆಟ್ಟಿನ ಓಟ ಅದಕ್ಕೆ ಬಂದಿರಲಿಲ್ಲ, ದೊಡ್ಡ ಆ್ಯಪು ತೆರೆಯಲು ಈಗಲೂ ಕೊಂಚ ಹೊತ್ತು ಬೇಕು. ಆದರೆ ಬೆರಳಿನ ಹಿಂದೆಯೇ ಅಕ್ಷರ ಬರುತ್ತಿತ್ತು. ಒಳಗೆ ರೇಡಿಯೊ ಇಡುವ ಗೂಡಿನಲ್ಲಿ ಚಾರ್ಜರಿನ ತಂತಿಯನ್ನು ಸುತ್ತಿ ಸಿದ್ಧ ಮಾಡಿಟ್ಟಿದ್ದಳು. ಊಟದ ನಂತರ ಅಲ್ಲಿಟ್ಟರೆ ಬೆಳಿಗ್ಗೆ ಕಾಫಿಯವರೆಗೆ ಯಾರೂ ಅದನ್ನು ಮುಟ್ಟಕೂಡದೆಂದು ಭಾವನಿಗೂ ಅಪ್ಪಣೆಯಾಗಿತ್ತು.